ಲಿಫ್ಟಿನಲ್ಲಿ ಹೇಳಿದ್ದು

ಆ ಇಬ್ಬರಿಗೂ ಹೆತ್ತವರು ಯೋಚನೆ ಮಾಡಿ ಇಟ್ಟ ಒಳ್ಳೆಯ ಹೆಸರುಗಳೇ ಇದ್ದವು. ಆದರೆ ದೊಡ್ಡ ಕಚೇರಿಯಲ್ಲಿ ಯಾರೂ ಅವನ್ನು ಬಳಸುತ್ತಿರಲಿಲ್ಲ. ಒಬ್ಬ ಅತ್ತೆ, ಇನ್ನೊಬ್ಬ ಸೊಸೆ. ಇಬ್ಬರೂ ಗಂಡಸರು, ಇಬ್ಬರೂ ಇನ್‌ಸ್ಪೆಕ್ಟರುಗಳು, ಇಬ್ಬರ ತಲೆಯೂ ನರೆತಿತ್ತು. ಇಡೀ ದೇಶದ ದೊಡ್ಡ ಅಪರಾಧಗಳೆಲ್ಲ ತನಿಖೆಗೆ ಬಂದು ಬೀಳುವ ಇಲಾಖೆ ಅದು. ಅಲ್ಲಿ ಆರೋಪಿಗಳ ಬಾಯಿ ಬಿಡಿಸುವುದರಲ್ಲಿ ಈ ಜೋಡಿಯನ್ನು ಮೀರಿಸಿದವರಿಲ್ಲ ಎಂದು ಹೆಸರು.

ಅತ್ತೆಗೆ ಆನೆಯಂಥ ಮೈ, ಪೊರಕೆಯಂಥ ಮೀಸೆ. ಆರೋಪಿ ಎದುರು ಕೂತ ಕೂಡಲೇ ಮೇಜು ಗುದ್ದುವುದು, ಅವನ ಏಳು ತಲೆಮಾರನ್ನು ಹರಾಜು ಹಾಕುವುದು, ಬಾಗಿಲು ಬಡಿದು ಹೊರಗೆ ಹೋಗುವುದು ಅವನ ಪಾಲಿನ ಕೆಲಸ. ಬಾಗಿಲು ಮುಚ್ಚಿದ ಮೇಲೆ, ಸಣಕಲು ಮೈಯ ಸೊಸೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ. ಟೀ ತರಿಸುತ್ತಿದ್ದ. “ಅಯ್ಯೋ, ಅವರ ಸ್ವಭಾವಾನೇ ಹಾಗೆ ಬಿಡಿ. ಮತ್ತೆ ಒಳಗೆ ಬಂದ್ರೆ ನನ್ನ ಮಾತೂ ಕೇಳಲ್ಲ. ಅಷ್ಟರೊಳಗೆ ನನ್ನ ಹತ್ರ ಹೇಳಿಬಿಡಿ, ನಾನು ನೋಡ್ಕೋತೀನಿ.” ಹೊರಗೆ ಹೋದ ಅತ್ತೆ ಗೋಡೆಗೆ ಒರಗಿ ಕನ್ನಡಕ ಒರೆಸುತ್ತಾ ನಿಂತಿರುತ್ತಿದ್ದ. ಒಳಗೆ ಅಳು ಶುರುವಾದರೆ ಕೆಲಸ ಮುಗಿಯಿತೆಂದು ಅರ್ಥ.

ಮನೆಯಲ್ಲಿ ಲೆಕ್ಕ ಉಲ್ಟಾ. ಅತ್ತೆ ತನ್ನ ಹೆಂಡತಿಯ ಮುಂದೆ ಹಸು. ಸೊಸೆಗೆ ಮೂಗಿನ ತುದಿಯಲ್ಲೇ ಕೋಪ. ಚಪ್ಪಲಿ ಒಂದು ಇಂಚು ಪಕ್ಕಕ್ಕೆ ಸರಿದಿದ್ದರೂ ಮನೆ ರಣರಂಗ. ಇದೆಲ್ಲ ಗೊತ್ತಿದ್ದೂ ಅತ್ತೆಯ ಮಗಳು ಸೊಸೆಯ ಮಗನನ್ನೇ ಮೆಚ್ಚಿ ಮದುವೆಯಾದಳು. “ಲೋಕದಲ್ಲಿ ಅತ್ತೆ ಸೊಸೆ ಬೀಗರಾಗಿದ್ದು ಇದೇ ಮೊದಲು” ಎಂದು ಕಚೇರಿಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಸೊಸೆಗೆ ಇಲಾಖೆ ಕೊಟ್ಟಿದ್ದ ಕ್ವಾರ್ಟರ್ಸಿನಲ್ಲೇ ಮಗ, ಮಗನ ಹೆಂಡತಿ ಎಲ್ಲರೂ ಒಟ್ಟಿಗೆ ಇದ್ದರು. ಈಗ ಅಲ್ಲೊಂದು ಮೊಮ್ಮಗಳೂ ಗೋಡೆ ಹಿಡಿದು ನಡೆಯುತ್ತಿದ್ದಳು.

ಇಲಾಖೆಗೆ ಸುಧಾರಣೆ ಬಂದದ್ದು ಅವಮಾನದ ಬೆನ್ನ ಮೇಲೆ. ಒಬ್ಬ ಗಡಿಯಾರ ರಿಪೇರಿಯವನು ರೈಲು ಡಬ್ಬಿಗೆ ಬೆಂಕಿ ಹಚ್ಚಿದೆನೆಂದು ಒಪ್ಪಿಕೊಂಡು ಜೈಲಿನಲ್ಲಿ ಕೂತಿದ್ದ. ಕೊನೆಗೆ ನೋಡಿದರೆ, ಬೆಂಕಿ ಬಿದ್ದ ದಿನ ಅವನು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯಿಸಿಕೊಂಡು ಮಲಗಿದ್ದ! ಮಾಡದ ಅಪರಾಧವನ್ನು ಯಾಕಪ್ಪಾ ಒಪ್ಪಿಕೊಂಡೆ ಎಂದು ಕೋರ್ಟು ಕೇಳಿದಾಗ, “ಒಪ್ಪಿಕೊಂಡ್ರೆ ಬಿಟ್ಟುಬಿಡ್ತೀವಿ ಅಂದ್ರು ಸ್ವಾಮೀ, ತುಂಬಾ ಒಳ್ಳೆಯವರ ಥರ ಕಂಡ್ರು” ಎಂದ. ಅವನನ್ನು ವಿಚಾರಿಸಿದ್ದು ಅತ್ತೆ ಸೊಸೆ ಅಲ್ಲ, ಇನ್ನೊಂದು ಜೋಡಿ. ಆದರೆ ಪಾಠಶಾಲೆ ಒಂದೇ ತಾನೆ? ದೇಶವೆಲ್ಲ ಛೀ ಥೂ ಎಂದಿತು. ಹಳೆಯ ಮುಖ್ಯಸ್ಥರು ಮನೆಗೆ ಹೋದರು. ಆ ಜಾಗಕ್ಕೆ ಪೊಲೀಸಿನವರೇ ಅಲ್ಲದ, ನಿವೃತ್ತ ನ್ಯಾಯಾಧೀಶೆಯೊಬ್ಬರು ಬಂದರು. ಬಂದ ವಾರದಲ್ಲೇ ಅವರಿಗೆ ಜಡ್ಜಮ್ಮ ಎಂದು ಹೆಸರಾಯಿತು.

ಜಡ್ಜಮ್ಮ ಮೊದಲು ವಿಚಾರಣೆ ಕೋಣೆಯ ಮೇಜು ತೆಗೆಸಿದರು. ಗುದ್ದಲು ಏನೂ ಇಲ್ಲದೆ ಅತ್ತೆಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಆಮೇಲೆ ಕ್ಯಾಮೆರಾ ಬಂತು. ಬಾಗಿಲು ತೆರೆದರೆ ತಾನೇ ಶುರುವಾಗುವ, ಒಳಗಿನವರು ಆರಿಸಲಾಗದ ಕ್ಯಾಮೆರಾ. ಆಮೇಲೆ ನಿಯಮ. ಕೇಸಿನ ಬಗ್ಗೆ ಆರೋಪಿಯ ಜೊತೆ ಒಂದು ಮಾತಾಡುವುದಿದ್ದರೂ ಅದು ಆ ಕೋಣೆಯ ಒಳಗೇ ಆಗಬೇಕು. ವಿಚಾರಣೆ ಮುಗಿದಾಗ ಜೋಡಿಯಲ್ಲಿ ಹಿರಿಯರಾದವರು, ಇವರಲ್ಲಾದರೆ ಅತ್ತೆ, ಕ್ಯಾಮೆರಾ ನೋಡಿಕೊಂಡು, “ಈ ಕೋಣೆಯ ಹೊರಗೆ ಈ ವಿಷಯ ಯಾರೂ ಮಾತಾಡಿಲ್ಲ” ಎಂದು ಹೇಳಬೇಕು. ಒಂದು ಸಲ ತಪ್ಪಿದರೆ ಎಚ್ಚರಿಕೆ. ಎರಡನೇ ಸಲಕ್ಕೆ ಇಲಾಖೆಯಿಂದಲೇ ಹೊರಗೆ. ಹುದ್ದೆ ಒಂದು ಮೆಟ್ಟಿಲು ಇಳಿಸಿಕೊಂಡು ಯಾವುದೋ ಜಿಲ್ಲೆಯ ಠಾಣೆಗೆ.

ಸೊಸೆಗೆ ಆಗಲೇ ಒಂದು ಎಚ್ಚರಿಕೆ ಸಿಕ್ಕಿತ್ತು. ಬ್ಯಾಂಕ್ ಕೇಸಿನಲ್ಲಿ ಆರೋಪಿಯಾಗಿದ್ದ ಗುಮಾಸ್ತೆಯೊಬ್ಬಳು ಮೆಟ್ಟಿಲ ಕಿಟಕಿಯ ಹತ್ತಿರ ಅಳುತ್ತಾ ನಿಂತಿದ್ದಾಗ ಹೋಗಿ ಸಮಾಧಾನ ಹೇಳಿದ್ದ. ಹೆದರಿದವರನ್ನು ಕಂಡರೆ ಅವನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು.

“ಬಾಯಿಗೆ ಬೀಗ ಹಾಕ್ಕೋ ಬೀಗಾ” ಎಂದು ಅತ್ತೆ ಹೇಳಿದ್ದ. “ಇನ್ನೊಂದು ಸಲ ಆದ್ರೆ ಕ್ವಾರ್ಟರ್ಸೂ ಹೋಗುತ್ತೆ.”

“ನಾನೇನು ಚಿಕ್ಕ ಮಗೂನಾ? ನಿನ್ನ ಕೈ ಸುಮ್ಮನಿರುತ್ತಾ ನೋಡ್ಕೋ ಮೊದಲು. ನಿನ್ನೆ ನಿನ್ನ ತೊಡೆಯನ್ನೇ ಗುದ್ಕೊಂಡ್ಯಲ್ಲ.”

ಜಡ್ಜಮ್ಮ ಎಲ್ಲರಿಗೂ ತಾವೇ ಪಾಠ ಮಾಡಿದರು. “ಏನಾಯ್ತು ಅಂತ ಕೇಳಿ. ಕೇಳಿ ಸುಮ್ಮನಿರಿ.”

“ಎಷ್ಟು ಹೊತ್ತು ಮೇಡಂ?” ಎಂದ ಅತ್ತೆ.

“ಅವರು ಮಾತು ಮುಗಿಸೋವರೆಗೆ. ಮುಗಿಸಿದ ಮೇಲೂ ಸ್ವಲ್ಪ ಹೊತ್ತು.”

“ಮುಗಿಸಿದ ಮೇಲೆ ಸುಮ್ಮನೆ ಕೂತ್ರೆ ನಾವು ನಿದ್ದೆ ಮಾಡ್ತಿದ್ದೀವಿ ಅಂದ್ಕೊಳ್ಳಲ್ವಾ?”

“ಕಣ್ಣು ತೆರೆದಿಟ್ಕೊಳ್ಳಿ” ಎಂದರು ಜಡ್ಜಮ್ಮ. ಎಲ್ಲರೂ ನಕ್ಕರು.

ಅತ್ತೆ ಮನೆಯಲ್ಲಿ ಅಭ್ಯಾಸ ಮಾಡಿದ. ಸಂಜೆ ಹೆಂಡತಿಯ ಎದುರು ಕೂತು, “ಇವತ್ತು ಏನಾಯ್ತು ಹೇಳು” ಎಂದ. ಅವಳು ಮೇಲಿನ ಮನೆಯವರ ನೀರಿನ ಪಂಪಿನಿಂದ ಶುರುಮಾಡಿದಳು. ಪಂಪಿನಿಂದ ಅವರ ಮಗಳಿಗೆ, ಮಗಳಿಂದ ತನ್ನ ತಂಗಿಗೆ, ತಂಗಿಯಿಂದ ತನ್ನ ಮದುವೆಯ ದಿನಕ್ಕೆ ಹೋದಳು. ಅತ್ತೆ ಕಣ್ಣು ತೆರೆದು ಕೂತಿದ್ದ. ಕೊನೆಗೆ ಅವಳು ಮಾತು ನಿಲ್ಲಿಸಿ ಅವನ ಹಣೆ ಮುಟ್ಟಿ ನೋಡಿದಳು. “ಏನ್ರೀ, ಮೈ ಹುಷಾರಾಗಿದೆ ತಾನೇ? ನಡುವೆ ಒಂದು ಸಲಾನೂ ಪೇಪರ್ ಎತ್ತಿಕೊಳ್ಳಲಿಲ್ಲ.”

ಹೀಗೆ ಒದ್ದಾಡುತ್ತಿರುವಾಗಲೇ ಔಷಧಿಯ ಕೇಸು ಬಂತು. ಕಾರ್ಖಾನೆಯಿಂದ ಹೊರಟ ಔಷಧಿಯ ಪೆಟ್ಟಿಗೆಗಳು ಆಸ್ಪತ್ರೆಗಳ ಉಗ್ರಾಣ ತಲುಪುವಷ್ಟರಲ್ಲಿ ಒಳಗೆ ನಕಲಿ ಸೀಸೆಗಳಾಗಿದ್ದವು. ಔಷಧಿ ಸಾಗಿಸುವ ತಂಪು ಲಾರಿಯ ಬಾಗಿಲಿನ ಸೀಲು ಎಲ್ಲೋ ಮುರಿದಿತ್ತು. ಕಾರ್ಖಾನೆಯಲ್ಲೋ, ದಾರಿಯ ಡಿಪೋದಲ್ಲೋ, ರಸ್ತೆಯಲ್ಲೋ? ರಸ್ತೆಯಲ್ಲಿ ಎಂದಾದರೆ ಲಾರಿ ಡ್ರೈವರನೇ ಕಳ್ಳ. ಅವನನ್ನು ವಿಚಾರಿಸುವ ಕೆಲಸ ನಮ್ಮ ಜೋಡಿಗೆ ಬಿತ್ತು.

ಡ್ರೈವರ್ ನಡುವಯಸ್ಸಿನ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆಗೆ ಬಂದವನ ಹಾಗೆ ತಲೆ ಬಾಚಿಕೊಂಡು ಬಂದಿದ್ದ. ಕೆಳಗಿನಿಂದ ಅವನನ್ನು ಸೊಸೆ ಕರೆತಂದ. ಅತ್ತೆ ಮೊದಲೇ ಕೋಣೆಯಲ್ಲಿ ಕೂತಿದ್ದ.

“ಆ ದಿನ ಏನಾಯ್ತು, ಮೊದಲಿಂದ ಹೇಳಿ” ಎಂದ ಅತ್ತೆ.

“ಸೀಲು ನಾನೇ ಮುರಿದೆ ಸಾರ್” ಎಂದ ಡ್ರೈವರ್. “ದಾರಿಯಲ್ಲಿ. ಒಬ್ಬನೇ. ತಪ್ಪಾಯ್ತು.”

ಅಷ್ಟೇ. ಹಿಂದಿನ ಕಾಲವಾಗಿದ್ದರೆ ಸೊಸೆ ಟೀ ತರಿಸುತ್ತಿದ್ದ, ಅತ್ತೆ ಪೆನ್ನು ತೆಗೆಯುತ್ತಿದ್ದ. ಈಗ ಅತ್ತೆ ಪಾಠದಲ್ಲಿ ಕಲಿತಂತೆ ಸುಮ್ಮನೆ ಕೂತ. ಫ್ಯಾನು ತಿರುಗುತ್ತಿತ್ತು. ಡ್ರೈವರ್ ಒಮ್ಮೆ ಅತ್ತೆಯ ಮೀಸೆ ನೋಡಿದ, ಒಮ್ಮೆ ಸೊಸೆಯ ಮುಖ ನೋಡಿದ. ಸೊಸೆ ತನ್ನ ಬೂಟು ನೋಡುತ್ತಿದ್ದ. ಅತ್ತೆ ಕಣ್ಣು ತೆರೆದಿಟ್ಟುಕೊಂಡು ಇನ್ನೂ ಸುಮ್ಮನಿದ್ದ.

“ಸಾಕಾ ಸಾರ್?” ಎಂದ ಅವನು. “ಇನ್ನೂ ಏನಾದ್ರೂ ಹೇಳಬೇಕಿತ್ತಾ? ಲಿಫ್ಟಲ್ಲಿ ಈ ಸಾರ್ ಇಷ್ಟೇ ಹೇಳಿದ್ದು.”

ಅತ್ತೆ ಸೊಸೆಯ ಕಡೆ ತಿರುಗಲಿಲ್ಲ. ತಿರುಗಿದರೆ ಅದೂ ಕ್ಯಾಮೆರಾದಲ್ಲಿ ಬರುತ್ತದೆ. ಗಂಟಲಿನವರೆಗೆ ಹಳೆಯ ಕೂಗು ಬಂದು ನಿಂತಿತ್ತು. ಒಂದು ಸಲ ‘ಏಯ್’ ಎಂದು ಗದರಿದ್ದರೆ ಸಾಕಿತ್ತು. ಡ್ರೈವರ್ ಮತ್ತೆ ಲಿಫ್ಟಿನ ಹೆಸರೆತ್ತುತ್ತಿರಲಿಲ್ಲ. ಅತ್ತೆ ಅದನ್ನು ನುಂಗಿಕೊಂಡು ಎದ್ದ. “ಸ್ವಲ್ಪ ನೀರು ಕುಡೀರಿ. ಬರ್ತೀವಿ.”

ಇಬ್ಬರೂ ಕಾರಿಡಾರಿನ ಕೊನೆಗೆ, ಹಳೆಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಮೂಲೆಗೆ ಹೋದರು.

“ಏನಂದೆ ಅವನಿಗೆ?”

“ಏನಿಲ್ಲ ಕಣೋ. ತುಂಬಾ ಹೆದರಿದ್ದ ಅವನು. ಪಾಪ ಅನ್ನಿಸ್ತು. ದಾರೀಲಿ ಮುರಿದೆ ಅಂತ ಒಪ್ಕೊಳ್ಳಿ, ಸಾಯಂಕಾಲ ಮನೆಗೆ ಹೋಗಬಹುದು, ಇಲ್ಲಾಂದ್ರೆ ಹೆಂಡತೀನೂ ಕರೆಸ್ತಾರೆ ಅಂದೆ. ಅಷ್ಟೇ.”

“ಅಷ್ಟೇನಾ? ಇನ್ನೇನು ಉಳೀತು ಅದರಲ್ಲಿ?”

“ನಾಲ್ಕು ಮಹಡಿ ಕಣಯ್ಯಾ! ನಾಲ್ಕು ಮಹಡಿ ಬಾಯಿ ಮುಚ್ಕೊಂಡು ಒಬ್ಬ ಮನುಷ್ಯನ ಪಕ್ಕ ನಿಂತ್ಕೊಳ್ಳೋದು ಹೇಗೆ?” ಸೊಸೆಯ ದನಿ ಏರಿತು, ತಾನೇ ಇಳಿಸಿಕೊಂಡ. “ಹೋಗಲಿ ಬಿಡು. ಆ ಕೊನೆ ಮಾತು ಹೇಳಿ ಮುಗಿಸು. ರಾಶಿ ರಾಶಿ ರೆಕಾರ್ಡಿಂಗ್ ಇದೆ, ಯಾರು ಕೂತು ನೋಡ್ತಾರೆ? ಹೇಗಿದ್ರೂ ಅವನೇ ಮಾಡಿದ್ದು.”

“ನಿನಗೆ ಹೇಗೆ ಗೊತ್ತು?”

“ಇಷ್ಟು ವರ್ಷ ನಮಗೆ ಹೇಗೆ ಗೊತ್ತಾಗ್ತಿತ್ತು?”

ಮುಖ ನೋಡಿ ಗೊತ್ತಾಗುತ್ತಿತ್ತು ಎನ್ನೋಣವೆಂದರೆ, ಆ ಗಡಿಯಾರದವನ ಮುಖವನ್ನೂ ಯಾರೋ ನೋಡಿದ್ದರು.

“ನಾನು ಆ ಮಾತು ಹೇಳಿದ್ರೆ ಅವನು ಜೈಲಿಗೆ ಹೋಗ್ತಾನೆ” ಎಂದ ಅತ್ತೆ.

“ಹೇಳದೇ ಇದ್ರೆ ನಾನು ಬೀದಿಗೆ ಬರ್ತೀನಿ. ನಾನೊಬ್ಬನೇ ಅಲ್ಲ. ನಿನ್ನ ಮಗಳು ಇರೋದು ಯಾರ ಮನೇಲಿ?”

“ಬೆದರಿಸ್ತಿದ್ದೀಯಾ?”

“ನೆನಪು ಮಾಡ್ತಿದ್ದೀನಿ.” ಸೊಸೆ ಕುರ್ಚಿಯ ಧೂಳಿನ ಮೇಲೆ ಬೆರಳಿನಿಂದ ಗೆರೆ ಎಳೆದ. “ನೀನು ಹೊರಗೆ ನಿಂತು ಕನ್ನಡಕ ಒರೆಸ್ತಿದ್ದೆ. ಒಳಗೆ ನಾನು ಇದೇ ಮಾತೇ ಅಲ್ವೇನೋ ಹೇಳ್ತಿದ್ದದ್ದು? ಆಗ ಕಿವಿಗೆ ಬೀಳ್ತಿರಲಿಲ್ವಾ ನಿನಗೆ?”

“ಬೀಳ್ತಿತ್ತು.”

“ಮತ್ತೆ?”

ಅತ್ತೆ ಕಾರಿಡಾರಿನಾಚೆಯ ಮುಚ್ಚಿದ ಬಾಗಿಲನ್ನು ನೋಡಿದ. ಅದರಾಚೆ ಇಸ್ತ್ರಿ ಅಂಗಿಯ ಮನುಷ್ಯ, ತಾನು ಪಾಠ ಸರಿಯಾಗಿ ಒಪ್ಪಿಸಿದೆನೋ ಇಲ್ಲವೋ ಎಂದು ಕಾಯುತ್ತಾ ಕೂತಿದ್ದ.

“ನೀನು ಒಳಗೆ ಬರಬೇಡ” ಎಂದು ಅತ್ತೆ ಒಬ್ಬನೇ ಹೊರಟ.

“ಹಾಗಾದ್ರೆ ನೋಡ್ಕೊಳ್ಳಿ ನೀವು” ಎಂದ ಸೊಸೆ, ಹಿಂದಿನಿಂದ. ಅಷ್ಟು ವರ್ಷದಲ್ಲಿ ಅವನು ಅತ್ತೆಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಒಳಗೆ ಹೋಗಿ ಕೂತ ಅತ್ತೆ ಕೇಳಿದ: “ಲಿಫ್ಟಲ್ಲಿ ಏನಾಯ್ತು, ಮೊದಲಿಂದ ಹೇಳಿ.”

ಡ್ರೈವರ್ ಹೇಳಿದ. ಸೊಸೆಯ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಅತ್ತೆ ಸುಮ್ಮನಿದ್ದ. ಡ್ರೈವರ್ ನೀರು ಕುಡಿದು ಮುಂದುವರಿಸಿದ. ಡಿಪೋದಲ್ಲಿ ಲಾರಿಯನ್ನು ಒಳಗೆ ಬಿಟ್ಟುಕೊಂಡು, ಡ್ರೈವರುಗಳು ಹೊರಗೇ ಇರಬೇಕು ಎಂದು ಅವನನ್ನು ಗೇಟಿನಾಚೆ ನಿಲ್ಲಿಸಿದ್ದರು. ವಾಪಸ್ ಕೊಟ್ಟಾಗ ಬೇರೆ ಸೀಲಿತ್ತು, ಬಣ್ಣವೇ ಬೇರೆ. ಇದೇನೆಂದು ಕೇಳಿದ್ದಕ್ಕೆ ಡಿಪೋದ ಮ್ಯಾನೇಜರು, ‘ಗಾಡಿ ಓಡಿಸೋಕೆ ಬಂದಿದ್ದೀಯೋ ಬಣ್ಣ ನೋಡೋಕೆ ಬಂದಿದ್ದೀಯೋ’ ಎಂದಿದ್ದರು. ಮುಂದಿನ ಊರು ತಲುಪುವಷ್ಟರಲ್ಲಿ ಆ ಹೊಸ ಸೀಲೂ ಕಿತ್ತು ನೇತಾಡುತ್ತಿತ್ತು. ಅವನ ಜೊತೆ ಗೇಟಿನಾಚೆ ಇನ್ನೂ ಇಬ್ಬರು ಡ್ರೈವರುಗಳು ನಿಂತಿದ್ದರು. ಅವರನ್ನು ಕೇಳಿದರೂ ಗೊತ್ತಾಗುತ್ತದೆ.

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ?” ಎಂದು ಅತ್ತೆ ಕೇಳಿಯೇಬಿಟ್ಟ. ಹಾಗೆ ಕೇಳಬಾರದೆಂದು ಪಾಠದಲ್ಲಿತ್ತು.

“ಯಾರೂ ಕೇಳಲಿಲ್ವಲ್ಲ ಸಾರ್.” ಡ್ರೈವರ್ ಎದ್ದು ನಿಂತು ಮತ್ತೆ ಕೂತ. “ಆ ಸಾರ್‌ಗೆ ಏನೂ ತೊಂದರೆ ಆಗಬಾರದು. ಒಳ್ಳೆಯವರು. ಹೆಗಲ ಮೇಲೆ ಕೈ ಇಟ್ಟು ಮಾತಾಡಿದ್ರು. ಈ ಕಟ್ಟಡದಲ್ಲಿ ಊಟ ಆಯ್ತಾ ಅಂತ ಕೇಳಿದ್ದು ಅವರೊಬ್ಬರೇ.”

ವಿಚಾರಣೆ ಮುಗಿಯಿತು. ಅತ್ತೆ ಕ್ಯಾಮೆರಾ ಕಡೆ ತಿರುಗಿದ. “ಈ ಕೋಣೆಯ ಹೊರಗೆ ಈ ವಿಷಯ ಮಾತಾಡಿದ್ದಾರೆ” ಎಂದ. ಮಾತಾಡಿದವರ ನಿಜವಾದ ಹೆಸರನ್ನು, ಹೆತ್ತವರು ಇಟ್ಟ ಹೆಸರನ್ನು ಹೇಳಿದ. ಎಷ್ಟೋ ಕಾಲದಿಂದ ಆಡದ ಹೆಸರು, ನಾಲಿಗೆಗೆ ಯಾರೋ ಬೇರೆಯವರದು ಎನ್ನಿಸಿತು.

ಜಡ್ಜಮ್ಮ ರೆಕಾರ್ಡಿಂಗ್ ಪೂರ್ತಿ ನೋಡಿ ಅತ್ತೆಯನ್ನು ಕರೆಸಿದರು.

“ನಿಮ್ಮ ಬೀಗರು ಅಲ್ವಾ?”

“ಹೌದು ಮೇಡಂ.”

“ಏನಾದ್ರೂ ಹೇಳೋದಿದ್ಯಾ?”

“ಅವನು ಲಂಚ ಮುಟ್ಟಿದವನಲ್ಲ ಮೇಡಂ. ಯಾರಿಗೂ ಒಂದು ಏಟು ಹೊಡೆದವನಲ್ಲ. ಇದನ್ನ ಅವನಿಗೆ ಕಲಿಸಿದ್ದು ಇದೇ ಕಟ್ಟಡ. ಕಲಿಸಿ ಪದಕಾನೂ ಕೊಟ್ಟಿದೆ. ಜೊತೇಲಿ ನಾನೂ ಇದ್ದೆ. ಶಿಕ್ಷೆ ಅಂದ್ರೆ ಇಬ್ಬರಿಗೂ ಕೊಡಿ.”

“ಇವತ್ತು ಲಿಫ್ಟಲ್ಲಿ ನೀವಿದ್ರಾ?”

“ಇಲ್ಲ.”

“ಹಳೆಯದಕ್ಕೆ ಶಿಕ್ಷೆ ಅಂತ ಹೊರಟ್ರೆ ಈ ಕಚೇರಿಗೆ ಬೀಗ ಹಾಕಬೇಕು. ಇವತ್ತಿನದಷ್ಟೇ ನನ್ನ ಮುಂದಿರೋದು.” ಜಡ್ಜಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಇದನ್ನ ಬಿಟ್ಟುಬಿಟ್ರೆ ನಾಳೆ ಎಲ್ಲ ವಿಚಾರಣೆಯೂ ಲಿಫ್ಟಲ್ಲೇ ನಡೆಯುತ್ತೆ. ನಿಮಗೂ ಗೊತ್ತಿದೆ.”

ಗೊತ್ತಿತ್ತು. ಗೇಟಿನಾಚೆ ನಿಂತಿದ್ದ ಆ ಇನ್ನಿಬ್ಬರು ಡ್ರೈವರುಗಳನ್ನೂ ಬೇರೆ ಬೇರೆಯಾಗಿ ಕೇಳಿದ ಮೇಲೆ ಡಿಪೋದ ಮ್ಯಾನೇಜರು ಸಿಕ್ಕಿಬಿದ್ದರು. ನಮ್ಮ ಡ್ರೈವರ್ ಲಾರಿ ಹತ್ತಿ ಹೋದ. ಪತ್ರಿಕೆಗಳು ಸುಧಾರಣೆಯ ಮೊದಲ ಫಲ ಎಂದು ಬರೆದವು. ಸೊಸೆಗೆ ಸಮುದ್ರದ ಕಡೆಯ ಒಂದು ಠಾಣೆಗೆ ಆದೇಶ ಬಂತು, ಜೊತೆಗೆ ತಿಂಗಳೊಳಗೆ ಕ್ವಾರ್ಟರ್ಸ್ ಬಿಡಬೇಕೆಂದು ಇನ್ನೊಂದು.

ಕಚೇರಿಯಲ್ಲಿ ಅತ್ತೆಯನ್ನು ಬೈದವರಿಲ್ಲ. ಆದರೆ ಕ್ಯಾಂಟೀನಿನಲ್ಲಿ ಅವನು ತಟ್ಟೆ ಹಿಡಿದು ಬಂದರೆ ಪಕ್ಕದವರ ಊಟ ಬೇಗ ಮುಗಿಯುತ್ತಿತ್ತು. ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, “ಬೇರೆ ಏನು ಮಾಡೋಕಾಗ್ತಿತ್ತು ನೀವು” ಎಂದಳು. ಆಮೇಲೆ ಒಳಗೆ ಹೋಗಿ ಅತ್ತಳು. ಮಗಳು ಫೋನು ಮಾಡಿದಳು.

“ಅಪ್ಪಾ, ನೀನು ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಇಲ್ಲಿ ದಿನಾ ಊಟಕ್ಕೆ ಕೂರೋದು ನಾನು. ಮಾವ ಒಂದು ಮಾತೂ ಆಡಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಚಪ್ಪಲಿ ಎಲ್ಲೆಲ್ಲೋ ಬಿದ್ದಿರುತ್ತೆ, ನೋಡಿಯೂ ಸುಮ್ಮನಿರ್ತಾರೆ.”

“ನಮ್ಮ ಮನೆಗೇ ಬಂದುಬಿಡಿ, ನೀವು ಮೂರೂ ಜನ.”

“ಬೇಡಪ್ಪ. ಗಾಯದ ಮೇಲೆ ಬರೆ ಎಳೆದ ಹಾಗಾಗುತ್ತೆ ಅವರಿಗೆ. ಈ ಊರಲ್ಲೇ ಬಾಡಿಗೆಗೆ ಒಂದು ಮನೆ ನೋಡಿದ್ದೀವಿ. ಚಿಕ್ಕದು. ಭಾನುವಾರ ಸಾಮಾನು ಸಾಗಿಸ್ತಾರೆ. ನೀನು ಬರಬೇಡ” ಎಂದಳು.

ಭಾನುವಾರ ಅತ್ತೆ ಹೋದ. ಹಳೆಯ ಅಂಗಿ ಹಾಕಿಕೊಂಡು ಹೋಗಿ ಗೇಟಿನ ಹತ್ತಿರ ನಿಂತ. ಮಹಡಿಯ ಮನೆಯಿಂದ ಅಳಿಯ ಸಾಮಾನು ಇಳಿಸುತ್ತಿದ್ದ, ಕೂಲಿಯವನೊಬ್ಬ ವ್ಯಾನಿಗೆ ತುಂಬುತ್ತಿದ್ದ. ಅತ್ತೆ ಒಂದು ಪಾತ್ರೆಯ ಪೆಟ್ಟಿಗೆಗೆ ಕೈ ಹಾಕಿದ. ಮೆಟ್ಟಿಲ ಮೇಲಿದ್ದ ಬೀಗಿತ್ತಿ, ಸೊಸೆಯ ಹೆಂಡತಿ, “ಅದನ್ನ ಮುಟ್ಟಬೇಡಿ” ಎಂದರು. ಅವನು ಕೆಳಗಿಟ್ಟ. ದಿಂಬಿನ ಗಂಟು ಎತ್ತಿದ. “ಅದೂ ಬೇಡ.” ಅದನ್ನೂ ಇಟ್ಟ. ಹೋಗಲಿಲ್ಲ. ಮೊಮ್ಮಗಳು ಮಗಳ ಸೊಂಟದಿಂದ ಅವನ ಕಡೆ ಕೈ ಚಾಚಿದಳು. ಮಗಳು ಒಂದು ಕ್ಷಣ ನೋಡಿ, ಒಳಗೆ ಹೋಗಿಬಿಟ್ಟಳು.

ಕೊನೆಗೆ ಉಳಿದದ್ದು ಕಬ್ಬಿಣದ ಕಪಾಟು. ಬೀಗಿತ್ತಿಯ ತವರಿನಿಂದ ಬಂದದ್ದು, ಒಳಗಿನದ್ದೆಲ್ಲ ತೆಗೆದರೂ ಹೆಣಭಾರ. ಕೂಲಿಯವನು ಕೆಳಗಿನ ತುದಿ ಹಿಡಿದ, ಮೇಲಿನ ತುದಿಯನ್ನು ಅಳಿಯ ಮತ್ತು ಸೊಸೆ. ಮೆಟ್ಟಿಲ ತಿರುವಿನಲ್ಲಿ ಕಪಾಟು ಗೋಡೆಗೂ ಕಂಬಿಗೂ ಸಿಕ್ಕಿಕೊಂಡು ನಿಂತುಬಿಟ್ಟಿತು. ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಸೊಸೆಯ ಸಣಕಲು ತೋಳಿನ ನರಗಳು ಉಬ್ಬಿದವು. ಕೂಲಿಯವನು, “ಕೈ ಜಾರ್ತಿದೆ, ಯಾರಾದ್ರೂ ಬನ್ರೀ” ಎಂದು ಕಿರುಚಿದ.

ಅತ್ತೆ ಗೇಟಿನಿಂದ ಎರಡು ಹೆಜ್ಜೆ ಬಂದು ನಿಂತ. ಬೀಗಿತ್ತಿಯ ಕಡೆ ನೋಡಿದ.

“ನೋಡ್ತಾ ನಿಂತ್ರೆ ಏನು ಬಂತು?” ಎಂದರು ಬೀಗಿತ್ತಿ. “ಹಿಡೀರಿ.”

ಅವನು ಕೂಲಿಯವನ ಪಕ್ಕಕ್ಕೆ ನುಗ್ಗಿ ಕಪಾಟಿಗೆ ಹೆಗಲು ಕೊಟ್ಟ. ಕಪಾಟು ಒಂದು ಗೇಣು ಮೇಲೆದ್ದಿತು. ಮೇಲಿದ್ದ ಸೊಸೆಯ ಮುಖ ಕಾಣುತ್ತಿರಲಿಲ್ಲ, ಬೆರಳುಗಳಷ್ಟೇ ಕಾಣುತ್ತಿದ್ದವು.

“ಎಡಕ್ಕೆ ತಿರುಗಿಸಿ” ಎಂದ ಸೊಸೆ.

ಅತ್ತೆ ಎಡಕ್ಕೆ ತಿರುಗಿಸಿದ. ಗೋಡೆಯ ಸುಣ್ಣ ಕೆರೆದು ಅವನ ಮೀಸೆಯ ಮೇಲೆ ಉದುರಿತು.

“ಇನ್ನೂ ಸ್ವಲ್ಪ.”

ಕಪಾಟು ತಿರುವು ದಾಟಿ ಒಂದು ಮೆಟ್ಟಿಲು ಇಳಿಯಿತು, ಆಮೇಲೆ ಇನ್ನೊಂದು.